ಮರದ ಸಣ್ಣ ಕರಕುಶಲ ವಸ್ತುಗಳಿಗೆ ಪಾರದರ್ಶಕ ಪಾಲಿಶ್: ಯಾವುದಕ್ಕೆ ಯಾವುದು, ಹಚ್ಚುವುದು ಹೇಗೆ

ಹಲಸಿನ ಮರದ ಚೂರುಗಳಿಂದ ಮೊದಲ ಸಲ ಆರು ಕೋಸ್ಟರ್‌ಗಳನ್ನು ಮಾಡಿದಾಗ ನಾನು ಅವುಗಳಿಗೆ ಎಂಟು ಕೋಟ್ ಅರಗಿನ ಪಾಲಿಶ್ ಉಜ್ಜಿ, ಮುಖ ಕಾಣುವಷ್ಟು ಹೊಳಪು ಬರಿಸಿ, ನೆಂಟರೊಬ್ಬರ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಕೊಟ್ಟಿದ್ದೆ. ಅದೇ ಸಂಜೆ ಅವುಗಳ ಮೇಲೆ ಬಿಸಿ ಕಾಫಿಯ ಸ್ಟೀಲ್ ಲೋಟಗಳು ಕೂತವು. ಲೋಟ ಎತ್ತಿದಾಗ ಕೋಸ್ಟರ್ ಕೂಡ ಅಂಟಿಕೊಂಡು ಮೇಲೆದ್ದಿತು; ಬಿಡಿಸಿ ನೋಡಿದರೆ ಬೆಳ್ಳನೆಯ ಉಂಗುರ ಮೂಡಿತ್ತು. ಪಾಲಿಶ್ ಕಳಪೆಯದಾಗಿರಲಿಲ್ಲ, ಹಚ್ಚಿದ್ದರಲ್ಲೂ ದೋಷವಿರಲಿಲ್ಲ. ಬಿಸಿಗೆ ಮೆತ್ತಗಾಗುವ ಅರಗನ್ನು ಬಿಸಿ ಲೋಟದ ಅಡಿಗೆ ಇಟ್ಟದ್ದೇ ತಪ್ಪಾಗಿತ್ತು. ಡಬ್ಬಿಯ ಮೇಲಿನ ಹೊಳಪಿನ ವರ್ಣನೆಯನ್ನು ನಂಬದೆ, ಆ ವಸ್ತು ದಿನವೂ ಏನನ್ನು ಎದುರಿಸಲಿದೆ ಎಂಬುದರಿಂದಲೇ ಲೇಪದ ಆಯ್ಕೆ ಆರಂಭವಾಗಬೇಕೆಂದು ಅಂದಿನಿಂದ ರೂಢಿ ಮಾಡಿಕೊಂಡಿದ್ದೇನೆ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ.

ಹಂತ 1: ವಸ್ತುವಿನ ದಿನಚರಿಯನ್ನು ಬರೆದುಕೊಳ್ಳಿ

ಒಂದು ಚೀಟಿಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಇದು ಆಹಾರಕ್ಕೆ ತಾಗುತ್ತದೆಯೇ? ಮಗುವಿನ ಬಾಯಿಗೆ ಹೋಗುತ್ತದೆಯೇ? ಬಿಸಿ ಅಥವಾ ನೀರು ಬೀಳುತ್ತದೆಯೇ? ಮೈ ಬೆವರು, ಸೆಂಟು, ಸ್ಯಾನಿಟೈಸರ್ ತಗಲುತ್ತದೆಯೇ? ಉಜ್ಜಾಟ, ಬಡಿತ ಇದೆಯೇ? ಉತ್ತರಗಳು ಕಣ್ಣೆದುರಿಗಿದ್ದರೆ ಅರ್ಧಕ್ಕರ್ಧ ಲೇಪಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಉದಾಹರಣೆಗೆ ಮರದ ಬಳೆಯನ್ನು ತೆಗೆದುಕೊಳ್ಳಿ. ನೋಡಲು ಅದು ಅಲಂಕಾರದ ವಸ್ತು, ಆದ್ದರಿಂದ ಯಾವ ಪಾಲಿಶ್ ಆದರೂ ನಡೆದೀತು ಅನ್ನಿಸುತ್ತದೆ. ಆದರೆ ಸೆಂಟು ಮತ್ತು ಸ್ಯಾನಿಟೈಸರ್ ಎರಡರಲ್ಲೂ ಆಲ್ಕೋಹಾಲ್ ಇರುತ್ತದೆ, ಅರಗು ಕರಗುವುದೂ ಆಲ್ಕೋಹಾಲಿನಲ್ಲೇ. ಅರಗು ಹಚ್ಚಿದ ಬಳೆ ತೊಟ್ಟು ಕೈಗೆ ಸ್ಯಾನಿಟೈಸರ್ ಹಾಕಿಕೊಂಡರೆ ಬಳೆ ಅಂಟಂಟಾಗಿ ಮಸುಕಾಗುತ್ತದೆ. ಇದಕ್ಕೆ ವಿರುದ್ಧವಾಗಿ ಗಾಜಿನ ಕಪಾಟಿನಲ್ಲಿ ಕೂರುವ ಆನೆಯ ಮೂರ್ತಿಗೆ ಅರಗಿನಷ್ಟು ಚೆಂದದ ಲೇಪ ಇನ್ನೊಂದಿಲ್ಲ. ಚೆನ್ನೆಮಣೆಯದು ಮತ್ತೊಂದು ಬಗೆ: ಅದರ ಹದಿನಾಲ್ಕು ಗುಳಿಗಳಲ್ಲಿ ಬೀಜಗಳು ದಿನವೂ ಬಡಿಯುತ್ತವೆ, ಬೆರಳುಗಳು ಕೆರೆಯುತ್ತವೆ. ಗಾಜಿನಂತೆ ದಪ್ಪವಾಗಿ ಕೂತ ಪದರ ಅಲ್ಲಿ ಚಕ್ಕೆಯೇಳುತ್ತದೆ. ಮರದೊಳಗೆ ಇಳಿಯುವ ಎಣ್ಣೆಗೆ ಆ ಭಯವಿಲ್ಲ.

ಮಕ್ಕಳ ಆಟಿಕೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದೆ. ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ಇದೆಯಾದರೂ, ಮಗುವಿನ ಒಸಡಿಗೆ ಯಾವ ವಿನಾಯಿತಿಯೂ ಇಲ್ಲ. ಲೇಪದಿಂದ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಎಷ್ಟು ಹೊರಬರಬಹುದೆಂಬ ಮಿತಿಯನ್ನು ಭಾರತೀಯ ಮಾನದಂಡವಾದ ಐಎಸ್ 9873ರ ಮೂರನೇ ಭಾಗ ನಿಗದಿಪಡಿಸುತ್ತದೆ. ಗಿಲಕಿ, ಬುಗುರಿ, ಎಳೆಯುವ ಗಾಡಿಗಳಿಗೆ ಡಬ್ಬಿ ಕೊಳ್ಳುವಾಗ ಈ ಮಾನದಂಡದ ಪರೀಕ್ಷೆಯಾಗಿದೆಯೇ ಎಂದು ಕೇಳಿ. ಉತ್ತರ ಸಿಗದಿದ್ದರೆ ಅರಗಿಗೋ ಶುದ್ಧ ಜೇನುಮೇಣಕ್ಕೋ ಮರಳುವುದು ಲೇಸು. ಅಟ್ಟದ ಮೇಲಿರುವ ಹಳೆಯ ವಾರ್ನಿಷ್ ಡಬ್ಬಿಯನ್ನು ಮಾತ್ರ ಮಕ್ಕಳ ವಸ್ತುವಿಗೆ ಮುಟ್ಟಿಸಬೇಡಿ.

ಹಂತ 2: ಮರದ ಗುಣ ತಿಳಿದುಕೊಳ್ಳಿ

ಬೀಟೆ ಮತ್ತು ತೇಗದ ಚೇಗಿನಲ್ಲಿ ಸಹಜವಾದ ಎಣ್ಣೆ, ರಾಳಗಳಿವೆ. ಬೀಟೆಯ ಮೇಲೆ ಎಣ್ಣೆ ಆಧಾರಿತ ವಾರ್ನಿಷ್ ಹಚ್ಚಿ ವಾರ ಕಳೆದರೂ ಅಂಟು ಬಿಡದೆ ಇರುವುದುಂಟು; ಮರದಲ್ಲಿರುವ ದ್ರವ್ಯಗಳೇ ಅದನ್ನು ಗಟ್ಟಿಯಾಗಲು ಬಿಡುವುದಿಲ್ಲ. ಇಂಥ ಮರವನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಮೇಣ ತೆಗೆದ ಅರಗಿನ ಒಂದು ತೆಳು ಕೋಟ್ ಕೊಟ್ಟರೆ ಒಳಗಿನ ಎಣ್ಣೆಗೂ ಮೇಲಿನ ಲೇಪಕ್ಕೂ ನಡುವೆ ಗೋಡೆ ಎದ್ದಂತಾಗುತ್ತದೆ. ‘ಮೇಣ ತೆಗೆದ’ ಎಂಬ ಮಾತನ್ನು ಮರೆಯಬೇಡಿ. ಸಾಧಾರಣ ಅರಗಿನಲ್ಲಿ ಸಹಜವಾಗಿಯೇ ಸ್ವಲ್ಪ ಮೇಣವಿರುತ್ತದೆ, ಅದರ ಮೇಲೆ ಪಿಯು (ಪಾಲಿಯುರೆಥೇನ್ ಎಂಬ ಗಟ್ಟಿ ಲೇಪ) ಸರಿಯಾಗಿ ಹಿಡಿಯುವುದಿಲ್ಲ.

ಹಾಲೆ ಮರ, ಶಿವನೆ, ರಬ್ಬರ್ ಮರಗಳಂಥ ಬೆಳ್ಳನೆಯ ಮರಗಳಲ್ಲಿ ಪ್ರಶ್ನೆ ಬೇರೆ. ಅಗಸೆ ಎಣ್ಣೆ ಹಚ್ಚಿದರೆ ಮರ ಜೇನಿನ ಬಣ್ಣಕ್ಕೆ ತಿರುಗುತ್ತದೆ, ವರ್ಷ ಕಳೆದಂತೆ ಇನ್ನಷ್ಟು ಹಳದಿಯಾಗುತ್ತದೆ. ಬಿಳುಪು ಉಳಿಯಬೇಕೆಂದರೆ ನೀರು ಆಧಾರಿತ ಪಿಯು ಹಚ್ಚಬೇಕು. ಅದೇ ಪಿಯುವನ್ನು ಬೀಟೆಯ ಮೇಲೆ ಹಚ್ಚಿದರೆ ಕಪ್ಪುಗೆಂಪಿನ ಆಳವೆಲ್ಲ ಹೋಗಿ, ಮರ ಬೂದಿ ಬಳಿದಂತೆ ಸಪ್ಪೆಯಾಗಿ ಕಾಣುತ್ತದೆ. ಹಲಸಿನ ಹಳದಿಯನ್ನು ಹಾಗೇ ಹಿಡಿದಿಡಬಲ್ಲ ಲೇಪವನ್ನು ನಾನಿನ್ನೂ ಕಂಡಿಲ್ಲ; ಬೆಳಕಿಗೆ ಅದು ಕಂದಾಗಿಯೇ ತೀರುತ್ತದೆ. ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಉತ್ತಮ.

ಶ್ರೀಗಂಧಕ್ಕೆ ಯಾವ ಪದರವನ್ನೂ ಹಚ್ಚಬೇಡಿ. ಪರಿಮಳಕ್ಕಾಗಿ ಕೊಂಡ ಮರದ ಉಸಿರನ್ನೇ ಕಟ್ಟಿದಂತಾಗುತ್ತದೆ. ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿ, ಒಣ ಹತ್ತಿಬಟ್ಟೆಯಿಂದ ತಿಕ್ಕಿ ಮೆರುಗು ತಂದರೆ ಸಾಕು.

ಮರ ಯಾವುದೇ ಇರಲಿ, ಅದು ಒಣಗಿರಬೇಕು. ತೇವ ಅಳೆಯುವ ಮೀಟರ್ ಇಲ್ಲದವರು ಅಡುಗೆಮನೆಯ ತಕ್ಕಡಿಯಲ್ಲಿ ತುಂಡನ್ನು ವಾರಕ್ಕೊಮ್ಮೆ ತೂಗಿ, ತೂಕವನ್ನು ಅದರ ಮೇಲೆಯೇ ಪೆನ್ಸಿಲಿನಿಂದ ಬರೆಯಬಹುದು. ಸತತ ಮೂರು ವಾರ ತೂಕ ಇಳಿಯದಿದ್ದರೆ ಆ ಮರ ನಿಮ್ಮ ಊರಿನ ಹವೆಗೆ ಹೊಂದಿಕೊಂಡಿದೆ ಎಂದರ್ಥ. ಹಸಿ ಮರಕ್ಕೆ ಹಚ್ಚಿದ ಲೇಪ ಬಿರುಕು ಬಿಡುತ್ತದೆ, ಇಲ್ಲವೇ ಅಡಿಯಲ್ಲಿ ಮಂಜು ಕಟ್ಟುತ್ತದೆ.

ಹಂತ 3: ಲೇಪಗಳಲ್ಲಿ ಒಂದನ್ನು ಆರಿಸಿ

ಎಲ್ಲ ಪಾರದರ್ಶಕ ಲೇಪಗಳೂ ಎರಡು ಕುಲಕ್ಕೆ ಸೇರುತ್ತವೆ. ಎಣ್ಣೆ, ಮೇಣಗಳು ಮರದೊಳಗೆ ಇಳಿಯುತ್ತವೆ. ಅರಗು, ಲ್ಯಾಕರ್, ಪಿಯುಗಳು ಮೇಲೆ ಪದರವಾಗಿ ಕೂರುತ್ತವೆ.

ಸೌಟು, ಚಟ್ನಿ ಬಟ್ಟಲು, ರೊಟ್ಟಿ ಮಣೆಗಳಂಥ ಆಹಾರದ ವಸ್ತುಗಳಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಮತ್ತು ಜೇನುಮೇಣದ ಮಿಶ್ರಣವೇ ನನ್ನ ಮೊದಲ ಆಯ್ಕೆ. 100 ಮಿಲಿ ಪ್ಯಾರಫಿನ್‌ಗೆ 25 ಗ್ರಾಂ ಜೇನುಮೇಣವನ್ನು ತುರಿದು ಹಾಕಿ, ಪಾತ್ರೆಯನ್ನು ಬಿಸಿನೀರಿನ ಬಾಣಲೆಯಲ್ಲಿಟ್ಟು ಕರಗಿಸಿ. ಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದ್ದರಿಂದ ನೇರ ಉರಿಯ ಅಗತ್ಯವೂ ಇಲ್ಲ, ಅದು ಕ್ಷೇಮವೂ ಅಲ್ಲ. ಆರಿದ ಮೇಲೆ ಅದು ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಈ ಮಿಶ್ರಣ ಎಂದಿಗೂ ಗಟ್ಟಿ ಪದರವಾಗುವುದಿಲ್ಲ, ತೊಳೆದಂತೆಲ್ಲ ಕಡಿಮೆಯಾಗುತ್ತದೆ; ಮತ್ತೆ ಮತ್ತೆ ಹಚ್ಚುತ್ತಿರಬೇಕು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳು ಕಮಟು ಹಿಡಿಯುತ್ತವೆ. ತೆಂಗಿನೆಣ್ಣೆ ಹೆಚ್ಚು ದಿನ ತಾಳುತ್ತದೆಯಾದರೂ ಅದೂ ಒಣಗುವ ಎಣ್ಣೆಯಲ್ಲ.

ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ನಿಜವಾಗಿಯೂ ಗಟ್ಟಿಯಾಗುತ್ತದೆ. ಗಾಣದ ಹಸಿ ಎಣ್ಣೆಯಾದರೆ ಪ್ರತಿ ಕೋಟ್‌ಗೂ ಹಲವು ದಿನ, ಮಳೆಗಾಲದಲ್ಲಿ ವಾರಗಳೇ ಬೇಕಾಗಬಹುದು. ಬಣ್ಣದ ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಎಂದು ಸಿಗುವುದು ಬೇಗ ಒಣಗುತ್ತದೆ, ಏಕೆಂದರೆ ಅದರಲ್ಲಿ ಒಣಗಿಸುವ ಲೋಹದ ಲವಣಗಳಿರುತ್ತವೆ. ಅದು ಚೆನ್ನೆಮಣೆಗೆ ಆಗಬಹುದು, ಸೌಟಿಗೆ ಬೇಡ.

ಅರಗು ನಮ್ಮ ನೆಲದ್ದೇ. ಮುತ್ತುಗದಂಥ ಮರಗಳ ಎಳೆ ಕೊಂಬೆಗಳ ಮೇಲೆ ಬದುಕುವ ಪುಟ್ಟ ಕೀಟ ಸುರಿಸುವ ರಾಳವನ್ನು ಶುದ್ಧಿ ಮಾಡಿ ಚಕ್ಕೆಯಾಗಿ ಮಾರುತ್ತಾರೆ. ಬಡಗಿಗಳು ಅದನ್ನು ಚಪ್ಡಾ ಎನ್ನುತ್ತಾರೆ. ಮಾತ್ರೆಗಳಿಗೂ ಮಿಠಾಯಿಗಳಿಗೂ ಹೊಳಪು ಕೊಡುವುದು ಇದೇ ಅರಗು. ಚನ್ನಪಟ್ಟಣದ ಕುಶಲಕರ್ಮಿಗಳು ಇದನ್ನು ಕರಗಿಸುವ ಸ್ಪಿರಿಟ್ಟನ್ನೂ (ಆಲ್ಕೋಹಾಲ್) ಬಳಸುವುದಿಲ್ಲ. ಲೇತಿನಲ್ಲಿ ತಿರುಗುತ್ತಿರುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಗರಿಯನ್ನು ಒತ್ತಿ ಹಿಡಿದು ಅದನ್ನು ಸಮನಾಗಿ ಹರಡಿ ಹೊಳಪೇರಿಸುತ್ತಾರೆ. ಕಡೆದ ವಸ್ತುಗಳಿಗೆ, ಅಂದರೆ ಕುಂಕುಮದ ಭರಣಿ, ಬುಗುರಿ, ಮಣಿಗಳಿಗೆ ಇದಕ್ಕಿಂತ ಚೊಕ್ಕವಾದ ವಿಧಾನವಿಲ್ಲ. ಕೆತ್ತಿದ ಅಥವಾ ಚಪ್ಪಟೆಯಾದ ವಸ್ತುಗಳಿಗೆ ಮಾತ್ರ ಸ್ಪಿರಿಟ್ ಪಾಲಿಶ್ ಮಾಡಬೇಕಾಗುತ್ತದೆ. ಅರಗು ಮೆತ್ತಗಾಗುವುದು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಾಬೂನಿನ ಕ್ಷಾರಕ್ಕೂ ಅದು ಸೋಲುತ್ತದೆ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ನಿಮಿಷಗಳಲ್ಲಿ ಒಣಗುತ್ತದೆ, ಆದ್ದರಿಂದ ಒಂದೇ ದಿನದಲ್ಲಿ ಐವತ್ತು ಕೀಚೈನ್ ಮುಗಿಸಬೇಕಾದವರಿಗೆ ಅನುಕೂಲ. ಬೆಂಕಿ ಹತ್ತಿಕೊಳ್ಳುವ ಅಪಾಯ ಹೆಚ್ಚು, ವಾಸನೆ ತೀಕ್ಷ್ಣ. ಮೆಲಮೈನ್ ಮತ್ತು ಎರಡು ಡಬ್ಬಿಯ ಪಿಯು ಇವೆರಡೂ ಗಟ್ಟಿಗಾರಕ ಬೆರೆಸಿ ಹಚ್ಚುವಂಥವು. ಬಿಸಿ, ನೀರು, ಆಲ್ಕೋಹಾಲ್ ಮೂರನ್ನೂ ತಡೆಯುತ್ತವೆ. ಕೋಸ್ಟರ್‌ಗೆ, ಕಾಫಿ ಟ್ರೇಗೆ, ಬಳೆಗೆ ನಾನು ಆರಿಸುವುದು ಪಿಯುವನ್ನೇ. ಆದರೆ ಮೆಲಮೈನ್ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಪಿಯುವಿನ ಗಟ್ಟಿಗಾರಕದಲ್ಲಿ ಉಸಿರಾಟದ ತೊಂದರೆ ತರುವ ಐಸೊಸಯನೇಟ್‌ಗಳಿರುತ್ತವೆ. ಬಟ್ಟೆಯ ಮಾಸ್ಕ್ ಇದಕ್ಕೆ ಏನೂ ಮಾಡದು. ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಮತ್ತು ಕೈಗವಸು ಬೇಕೇ ಬೇಕು. ಮನೆಯೊಳಗೆ ಇವನ್ನು ಸ್ಪ್ರೇ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಫ್ಲಾಟಿನಲ್ಲಿ ಕೆಲಸ ಮಾಡುವವರಿಗೆ ನೀರು ಆಧಾರಿತ ಪಿಯು ವಾಸಿ. ಡಬ್ಬಿಯಲ್ಲಿ ಮಜ್ಜಿಗೆಯಂತೆ ಕಂಡರೂ ಒಣಗಿದ ಮೇಲೆ ತಿಳಿಯಾಗುತ್ತದೆ, ವಾಸನೆ ಕಡಿಮೆ, ಬ್ರಷ್ಷನ್ನು ನಲ್ಲಿಯಡಿ ತೊಳೆಯಬಹುದು. ಒಂದೇ ಡಬ್ಬಿಯದಾದರೆ ಬಿಸಿಗೆ ಅದರ ತಾಳಿಕೆ ಸ್ವಲ್ಪ ಕಡಿಮೆ.

ಹಂತ 4: ಜಾಗ ಮತ್ತು ಋತುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಆಷಾಢದ ಮಳೆಯಲ್ಲಿ ಮಲೆನಾಡು, ಕರಾವಳಿಗಳಲ್ಲಿ ಲ್ಯಾಕರ್ ಹಚ್ಚಿದರೆ ಕಣ್ಣೆದುರೇ ಅದು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಹನಿಗಟ್ಟಿ ಪದರದೊಳಗೆ ಸಿಕ್ಕಿಬೀಳುವುದೇ ಇದಕ್ಕೆ ಕಾರಣ. ಅರಗಿಗೂ ಇದೇ ಕಾಯಿಲೆ ಉಂಟು. ಬಿಸಿಲು ಬಂದ ದಿನ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ಕೆಲಸ ಮುಗಿಸಿದರೆ ಬಹುಪಾಲು ತಪ್ಪಿಸಬಹುದು. ಬೆಳ್ಳಗಾದದ್ದರ ಮೇಲೆ ಒಣ ದಿನದಲ್ಲಿ ಬರೀ ಥಿನ್ನರನ್ನು, ಅರಗಾದರೆ ಬರೀ ಸ್ಪಿರಿಟ್ಟನ್ನು, ತೆಳುವಾಗಿ ಸೋಕಿಸಿದರೆ ಎಷ್ಟೋ ಸಲ ಮಂಜು ಕರಗುತ್ತದೆ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಿ ತೊಂದರೆ ಇನ್ನೊಂದು ಬದಿಯದು: ಬ್ರಷ್ ಎಳೆಯುವಷ್ಟರಲ್ಲೇ ಲೇಪ ಒಣಗಿ ಗೆರೆಗಳು ಉಳಿಯುತ್ತವೆ. ಅಲ್ಲಿ ಮುಂಜಾನೆಯೇ ಒಳ್ಳೆಯ ಹೊತ್ತು. ಧೂಳು ಎಲ್ಲ ಊರಿಗೂ ಸಮಾನ. ಕೆಲಸಕ್ಕೆ ಒಂದು ಗಂಟೆ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಆರಿಸಿ.

ಹಂತ 5: ಚೂರಿನ ಮೇಲೆ ಪರೀಕ್ಷಿಸಿ

ಅದೇ ಮರದ ಅಂಗೈಯಗಲದ ಚೂರನ್ನು ವಸ್ತುವಿನಷ್ಟೇ ನುಣ್ಣಗೆ ಉಜ್ಜಿ, ಪೆನ್ಸಿಲಿನಿಂದ ಮೂರು ಪಟ್ಟಿ ಮಾಡಿ, ಮೂರು ಲೇಪಗಳನ್ನು ಹಚ್ಚಿ. ಬೇರೆ ಮರದ ಮೇಲೆ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಪ್ರತಿ ಪಟ್ಟಿಯ ಮೇಲೂ ಒಂದು ಹನಿ ನೀರನ್ನು ಒಂದು ಗಂಟೆ ಬಿಡಿ, ಕುದಿನೀರು ತುಂಬಿದ ಸ್ಟೀಲ್ ಲೋಟವನ್ನು ಹತ್ತು ನಿಮಿಷ ಇಡಿ, ಒಂದು ಹನಿ ಸ್ಯಾನಿಟೈಸರ್ ಹಾಕಿ ಒರೆಸಿ, ಉಗುರಿನಿಂದ ಗೀರಿ. ಅಡುಗೆಮನೆಯ ವಸ್ತುವಾದರೆ ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನೂ ಹಚ್ಚಿ ನೋಡಿ. ಅರಿಶಿನದ ಕಲೆ ಸುಳ್ಳು ಹೇಳುವುದಿಲ್ಲ: ಲೇಪ ಕೂರದೆ ಬಿಟ್ಟ ಜಾಗಗಳನ್ನೆಲ್ಲ ಅದು ಎತ್ತಿ ತೋರಿಸುತ್ತದೆ. ಚೂರಿನ ಹಿಂಬದಿಗೆ ದಿನಾಂಕ, ಲೇಪದ ಹೆಸರು, ಕೋಟ್‌ಗಳ ಸಂಖ್ಯೆ ಬರೆದು ತೂಗುಹಾಕಿ.

ಹಂತ 6: ಮೇಲ್ಮೈ ಸಿದ್ಧಪಡಿಸಿ

ಉಪ್ಪುಕಾಗದವನ್ನು 120ರ ಅಂಕಿಯಿಂದ (ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು) ಆರಂಭಿಸಿ 180, 240ರವರೆಗೆ ಕ್ರಮವಾಗಿ, ಯಾವ ಅಂಕಿಯನ್ನೂ ಜಿಗಿಯದೆ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ಪದರ ಕೂರಿಸುವ ಲೇಪಗಳಿಗೆ 240 ಸಾಕು. ಎಣ್ಣೆ, ಮೇಣಗಳಿಗೆ 320 ಅಥವಾ 400ರವರೆಗೆ ಹೋಗಬಹುದು. ಎಳೆ ಕತ್ತರಿಸಿದ ತುದಿ ಭಾಗಗಳು, ಅಂದರೆ ಬಟ್ಟಲಿನ ಎರಡು ಬದಿ ಮತ್ತು ಚೆನ್ನೆಮಣೆಯ ಗುಳಿಗಳ ಅಂಚು, ಲೇಪವನ್ನು ಹೆಚ್ಚು ಕುಡಿದು ಕಪ್ಪಾಗುತ್ತವೆ. ಅಲ್ಲಿ ಒಂದು ಅಂಕಿ ಹೆಚ್ಚು ನುಣುಪಾಗಿ ಉಜ್ಜಿದರೆ ಬಣ್ಣ ಸಮನಾಗುತ್ತದೆ. ನೀರು ಆಧಾರಿತ ಲೇಪ ಹಚ್ಚುವುದಾದರೆ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ನಾರು ಎದ್ದು ಒಣಗಿದ ಮೇಲೆ 320ರಿಂದ ಹಗುರವಾಗಿ ಉಜ್ಜಿಬಿಡಿ. ಇಲ್ಲದಿದ್ದರೆ ಮೊದಲ ಕೋಟ್ ಬೆಕ್ಕಿನ ನಾಲಿಗೆಯಂತೆ ಒರಟಾಗುತ್ತದೆ. ಸಂದುಗಳಲ್ಲಿ ಅಂಟು ಉಳಿದಿದೆಯೇ ಎಂದು ಸ್ಪಿರಿಟ್ ಸವರಿ ನೋಡಿ. ಮರ ಕಪ್ಪಾದಾಗ ಅಂಟಿನ ಕಲೆ ಬೆಳ್ಳಗೆ ಎದ್ದು ಕಾಣುತ್ತದೆ.

ಹಂತ 7: ಹಚ್ಚುವುದು

ಎಣ್ಣೆ, ಮೇಣದ ಕೆಲಸ ಸುಲಭ. ಧಾರಾಳವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಉಳಿದದ್ದನ್ನು ಒಂದಿಷ್ಟೂ ಬಿಡದೆ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟ ಅಗಸೆ ಎಣ್ಣೆ ಅಂಟುಚಿಗುಟಾಗಿ ಧೂಳನ್ನೆಲ್ಲ ಹಿಡಿಯುತ್ತದೆ.

ಅರಗಿಗೆ ಕೈಪಳಗಬೇಕು. 100 ಮಿಲಿ ಸ್ಪಿರಿಟ್‌ಗೆ 12 ಗ್ರಾಂ ಚಕ್ಕೆ ಹಾಕಿದರೆ ತೆಳು ದ್ರಾವಣ, 24 ಗ್ರಾಂ ಹಾಕಿದರೆ ಮಧ್ಯಮ. ಕಲಿಯುವವರಿಗೆ ತೆಳುವೇ ಒಳ್ಳೆಯದು. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಆಗಾಗ ಅಲ್ಲಾಡಿಸಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ದಿನಾಂಕ ಅಂಟಿಸಿ. ಕರಗಿಸಿದ ಅರಗು ನಿಧಾನವಾಗಿ ಸ್ಪಿರಿಟ್ಟಿನೊಡನೆ ಬೆರೆತು ಬದಲಾಗುತ್ತದೆ. ಆರು ತಿಂಗಳ ಮೇಲಿನದನ್ನು ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ, ಮರುದಿನವೂ ಉಗುರು ಇಳಿದರೆ ಚೆಲ್ಲಿಬಿಡಿ. ಹಳೆಯ ಪಂಚೆಯ ತುಂಡಿನೊಳಗೆ ಹತ್ತಿಯ ಉಂಡೆ ಇಟ್ಟು, ನೆರಿಗೆ ಬಾರದಂತೆ ತಿರುಚಿ ಹಿಡಿಯಿರಿ. ಉಂಡೆಗೆ ಅರಗು ಕುಡಿಸಿ, ಕಾಗದದ ಮೇಲೆ ಒತ್ತಿ ಹೆಚ್ಚಿನದನ್ನು ಬಿಡಿಸಿ, ವಿಮಾನ ನೆಲ ಮುಟ್ಟಿ ಮತ್ತೆ ಏರುವಂತೆ ಒಂದು ಅಂಚಿನಿಂದ ಇನ್ನೊಂದು ಅಂಚಿನಾಚೆಗೆ ಎಳೆಯಿರಿ. ಹೋದ ದಾರಿಯಲ್ಲಿ ಕೂಡಲೇ ಮರಳಬೇಡಿ. ಒಣಗುತ್ತಿರುವ ಅರಗು ಉಂಡೆಯನ್ನು ಹಿಡಿದೆಳೆಯುತ್ತದೆ, ಪದರ ಕಿತ್ತುಬರುತ್ತದೆ. ಮೂರು ಕೋಟ್ ಆದ ಮೇಲೆ ಕೆಲವು ಗಂಟೆ ಬಿಟ್ಟು 400ರ ಕಾಗದದಿಂದ ಮೃದುವಾಗಿ ಸವರಿ, ಮತ್ತೆ ಮೂರು ಕೋಟ್ ಕೊಡಿ. ಕೆತ್ತನೆಯ ಸಂದುಗಳಿಗೆ ಮೃದುವಾದ ಸಣ್ಣ ಬ್ರಷ್ ಬಳಸಿ. ಅಲ್ಲಿ ನಿಂತ ಹನಿಯನ್ನು ಒಣ ಬ್ರಷ್ಷಿನಿಂದ ಹೀರಿಸಿ.

ಪಿಯುವಿಗೆ ಎರಡು ಮಾತು. ಮ್ಯಾಟ್ ಬಗೆಯದರಲ್ಲಿ ಹೊಳಪು ತಗ್ಗಿಸುವ ಪುಡಿ ತಳದಲ್ಲಿ ಕೂತಿರುತ್ತದೆ, ಆದ್ದರಿಂದ ಕಡ್ಡಿಯಿಂದ ಕಲಕಬೇಕು, ಕುಲುಕಿದರೆ ಗುಳ್ಳೆ. ಗಟ್ಟಿಗಾರಕದ ಪ್ರಮಾಣವನ್ನು ಡಬ್ಬಿಯಲ್ಲಿ ಹೇಳಿದಂತೆ ಅಳೆದೇ ಹಾಕಿ. ಒಂದು ಹೊತ್ತಿಗೆ ಬೇಕಾದಷ್ಟೇ ಕಲಸಿ, ಏಕೆಂದರೆ ಉಳಿದದ್ದು ಕೆಲವೇ ಗಂಟೆಗಳಲ್ಲಿ ಕಲ್ಲಾಗುತ್ತದೆ.

ಹಂತ 8: ಒಣಗಿಸುವುದು ಮತ್ತು ಚಿಂದಿಗಳ ವಿಲೇವಾರಿ

ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನವರೆಗೆ ಗಟ್ಟಿಯಾಗಿರುವುದು ಬೇರೆ. ಪಿಯು, ವಾರ್ನಿಷ್‌ಗಳಿಗೆ ಎರಡರಿಂದ ನಾಲ್ಕು ವಾರ ಕೊಡಿ. ಮೂಗಿನ ಹತ್ತಿರ ಹಿಡಿದಾಗ ವಾಸನೆ ಬರುತ್ತಿದ್ದರೆ ಅದು ಮಗುವಿನ ಕೈಗೆ ಹೋಗಲು ಇನ್ನೂ ಸಿದ್ಧವಾಗಿಲ್ಲ. ಅವಸರದಲ್ಲಿ ಕಾಗದ ಸುತ್ತಿ ಕಳಿಸಿದರೆ ಸುದ್ದಿಪತ್ರಿಕೆಯ ಅಕ್ಷರಗಳು ಪಾಲಿಶ್‌ನ ಮೇಲೆ ಅಚ್ಚೊತ್ತಿರುತ್ತವೆ, ಅದನ್ನೂ ನಾನು ನೋಡಿದ್ದೇನೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಲೇಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಹೊರಹೋಗಲು ದಾರಿಯಿಲ್ಲದೆ ಏರುತ್ತ, ಕಿಡಿ ಸೋಕದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ಮಡಿಸದೆ ಒಂದೇ ಪದರವಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಹಳೆಯ ಲೇಪವನ್ನು ಗುರುತಿಸಿ ದುರಸ್ತಿ ಮಾಡುವುದು

ಮರಳಿ ಬಂದ ವಸ್ತುವಿನ ಲೇಪ ಯಾವುದೆಂದು ಗೊತ್ತಿಲ್ಲದಿದ್ದರೆ ತಳದ ಮೂಲೆಯಲ್ಲಿ ಸ್ಪಿರಿಟ್ ಹನಿ ಹಾಕಿ ಉಜ್ಜಿ: ಅಂಟಾದರೆ ಅರಗು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು. ಅದನ್ನು ಕಾಗದದಿಂದ ಉಜ್ಜಿಯೇ ತೆಗೆಯಬೇಕು. ಅರಗಿಗೆ ಹೊಸ ಅರಗು ಸುಲಭವಾಗಿ ಬೆಸೆದುಕೊಳ್ಳುವುದರಿಂದ ಅದರ ಗೀರುಗಳನ್ನು ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದು. ನನ್ನ ಆರು ಕೋಸ್ಟರ್‌ಗಳನ್ನು ಕೇಳಿ ತಂದು, ಸ್ಪಿರಿಟ್ ಬಟ್ಟೆಯಿಂದ ಅರಗನ್ನೆಲ್ಲ ಒರೆಸಿ, ಮೇಣದ ಅಂಶ ಉಳಿಯದಂತೆ 180ರ ಕಾಗದದಿಂದ ಹೊಸ ಮರ ಕಾಣುವವರೆಗೆ ಉಜ್ಜಿ, ಮ್ಯಾಟ್ ಪಿಯು ಮೂರು ಕೋಟ್ ಹಚ್ಚಿದೆ. ಅದಕ್ಕೆ ಹಿಡಿದದ್ದು ಮೂರು ವಾರ.

ಪ್ರತಿ ವಸ್ತುವಿನ ಜೊತೆಗೂ ಒಂದು ಚೀಟಿ ಇಡಿ. ಬಟ್ಟಲಾದರೆ ನೀರಿನಲ್ಲಿ ನೆನೆಸಬಾರದು, ಬಣ್ಣ ಪೇಲವವಾದಾಗ ಎಣ್ಣೆ-ಮೇಣ ಹಚ್ಚಿ ಮರುದಿನ ಒರೆಸಬೇಕು ಎಂದು ಬರೆಯಿರಿ. ಅರಗಿನದಾದರೆ ಒಣ ಬಟ್ಟೆಯಿಂದಷ್ಟೇ ಒರೆಸಬೇಕು, ಬಿಸಿ ಪಾತ್ರೆ ಮತ್ತು ಸ್ಯಾನಿಟೈಸರ್ ದೂರವಿರಬೇಕು ಎಂದು ಬರೆಯಿರಿ. ತಳದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಲೇಪದ ಹೆಸರು ಮತ್ತು ತಿಂಗಳು ಇರಲಿ. ಮುಂದೆ ದುರಸ್ತಿಗೆ ಕೂರುವವರು ಹನಿ ಹಾಕಿ ಹುಡುಕಬೇಕಾಗುವುದಿಲ್ಲ.